ನಾಲ್ಕನೆಯ ಸಿಲಿಂಡರಿನ ಸದ್ದು

ಪಶ್ಚಿಮ ಸಿಡ್ನಿಯ ಓಟದ ಕಾರಿನ ಮಂದಿಗೆಲ್ಲ ಚೆನ್ಸು ಮಿಫ್ಸುದ್‌ನ ಕಿವಿಯ ಮೇಲೆ ಅಪಾರ ನಂಬಿಕೆ. ಅವನ ಕಣ್ಣು ಮಂಜಾಗಿತ್ತು, ಮಂಡಿ ಸವೆದಿತ್ತು, ಬಾಯಂತೂ ಮೊದಲಿನಿಂದಲೂ ಹದ್ದುಬಸ್ತಿನಲ್ಲಿರಲಿಲ್ಲ. ಆದರೆ ಎಂಜಿನ್ನಿನ ಒಡಲಾದ ಎರಕದ ಬ್ಲಾಕನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ "ಇದು ತಡೆಯತ್ತೆ" ಎಂದನೋ, ಅದು ತಡೆಯುತ್ತಿತ್ತು. "ಗುಜರಿಗೆ ಹಾಕು" ಎಂದನೋ, ಯಾರೂ ಮರುಮಾತಾಡದೆ ಗುಜರಿಗೆ ಹಾಕುತ್ತಿದ್ದರು. ಈ ಹೊಗಳಿಕೆಯನ್ನು ಅವನು ಸ್ವಲ್ಪವೂ ಸಂಕೋಚವಿಲ್ಲದೆ ಸವಿಯುತ್ತಿದ್ದ. ಅವನು ಎತ್ತಿ ಆಡಿಸಿದ ಮರ್ತೀಸಳ ಕಾರು ಗೋಡೆಗೆ ಅಪ್ಪಳಿಸಿದ ಮೇಲೆ ಮಾತ್ರ ಯಾರಾದರೂ ಅವನ ಕಿವಿಯ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಯಾಕೆಂದರೆ ಆ ಕಿವಿಗೆ ಕೇಳಿಸಿತ್ತು. ಕೇಳಿಸಿದ್ದನ್ನು ಅವನು ನುಂಗಿಕೊಂಡಿದ್ದ.

ಅವನ ಕಸುಬು ವಿವರಿಸುವುದು ಕಷ್ಟವೇನಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರಲೆಂದು ಮಾಡಿದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ದೊಡ್ಡ ಟರ್ಬೊ ಕಟ್ಟಿ ಸಾವಿರಕ್ಕೂ ಮೀರಿ ಅಶ್ವಶಕ್ತಿ ಕೇಳಿದರೆ ಪಾಪ ಅದರ ಸಿಲಿಂಡರುಗಳ ಗೋಡೆ ಉಬ್ಬಿ ಸೀಳುತ್ತದೆ. ಅಷ್ಟು ಯಾಕೆ ಕೇಳಬೇಕು ಎಂದು ಬುದ್ಧಿಯಿರುವವರು ಕೇಳಬಹುದು. ಬುದ್ಧಿಯಿರುವವರು ಚೆನ್ಸುವಿನ ಶೆಡ್ಡಿಗೆ ಬರುತ್ತಿರಲಿಲ್ಲ. ಸಿಲಿಂಡರುಗಳ ಸುತ್ತ ನೀರು ಹರಿದು ತಂಪು ಮಾಡಲೆಂದು ಬಿಟ್ಟ ಪೊಳ್ಳು ಇರುತ್ತದಲ್ಲ, ಅದರೊಳಗೆ ಅವನು ಕಲ್ಲಿನಷ್ಟು ಗಟ್ಟಿಯಾಗುವ ಗಾರೆ ಸುರಿದು ತುಂಬಿಬಿಡುತ್ತಿದ್ದ. ಆಗ ಗೋಡೆಗೆ ಹಿಂದಿನಿಂದ ಆಸರೆ ಸಿಗುತ್ತದೆ. ರಸ್ತೆಯ ಕಾರಿಗೆ ಅರ್ಧ, ಓಟದ್ದಕ್ಕೆ ಪೂರ್ತಿ. ಕಾಲು ಮೈಲಿ ಓಡಿ ನಿಲ್ಲುವ ಕಾರಿಗೆ ನೀರು ಬೇಕಿಲ್ಲ, ಪೆಟ್ರೋಲಿನ ಬದಲು ಅದು ಕುಡಿಯುವ ಮೆಥನಾಲೇ ಅದನ್ನು ತಂಪಾಗಿಡುತ್ತದೆ.

ಗಾರೆಯೊಳಗೆ ಗಾಳಿ ಸಿಕ್ಕಿಕೊಳ್ಳಬಾರದು, ಅಷ್ಟೇ. ಸಿಕ್ಕಿಕೊಂಡರೆ ಅಲ್ಲೊಂದು ಗುಳಿ ಉಳಿಯುತ್ತದೆ, ಗುಳಿಯ ಮುಂದಿನ ಗೋಡೆಗೆ ಆಸರೆಯಿಲ್ಲ. ಹಾಗಾಗಿ ಸುರಿಯುತ್ತಿದ್ದಂತೆ ಬ್ಲಾಕಿನ ಮೈಯನ್ನು ರಬ್ಬರ್ ಸುತ್ತಿಗೆಯಿಂದ ಬಿಡದೆ ಬಡಿಯಬೇಕು, ಗುಳ್ಳೆಗಳು ಮೇಲೆ ಬಂದು ಒಡೆಯುವ ತನಕ. ಚೆನ್ಸುವಿನ ಶೆಡ್ಡಿನಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಎಂಜಿನ್ ಯಾರದೋ ಅವರೇ ಮನೆಮಂದಿಯ ಸಮೇತ ಬಂದು ಬಡಿಯಬೇಕು. "ಓಡ್ಸೋದು ನೀವು, ಬಡಿಯೋದು ನಾನಾ?" ಎಂದು ಗದರುತ್ತಿದ್ದ. ಹಾರ್ಸ್‌ಲಿ ಪಾರ್ಕ್ ಎಂಬ ಊರಿನಲ್ಲಿ ಅವನಪ್ಪ ಟೊಮೇಟೊ ಬೆಳೆಯುತ್ತಿದ್ದ ಜಮೀನಿನ ಅಂಚಿಗಿದ್ದ, ಒಂದು ಕಾಲದಲ್ಲಿ ಕೋಳಿ ಸಾಕಿದ ಆ ಶೆಡ್ಡಿನಲ್ಲಿ ಬಡಿತದ ದಿನವೆಂದರೆ ಜಾತ್ರೆಯ ಗದ್ದಲ. ಚೀಸ್ ತುಂಬಿದ ಮಾಲ್ಟಾದ ಬಿಸಿ ಪಸ್ತೀತ್ಸಿ, ಬಿಯರ್, ರೇಡಿಯೊದಲ್ಲಿ ಫುಟ್‌ಬಾಲ್, ಜೊತೆಗೆ ಸುತ್ತಿಗೆಯ ಧಬಧಬ.

ಮರ್ತೀಸಳ ಬ್ಲಾಕಿಗೆ ಗಾರೆ ಸುರಿದದ್ದು ಫೆಬ್ರುವರಿಯ ಒಂದು ಕೆಟ್ಟ ಬಿಸಿಲಿನ ದಿನ. ಮರ್ತೀಸ್ ಅವನ ಗೆಳೆಯ ಸಲ್ವುವಿನ ಒಬ್ಬಳೇ ಮಗಳು. ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಅವಳ ತಲೆಗೆ ನೀರು ಹಾಕಿಸಿದಾಗ ಎತ್ತಿ ಹಿಡಿದವನು ಚೆನ್ಸು. ಅವತ್ತಿನಿಂದ ಅವನು ಅವಳಿಗೆ ಪರ್ರಿನು, ಅಂದರೆ ಧರ್ಮತಂದೆ. ಮಾಲ್ಟಾದಿಂದ ಬಂದು ನೆಲೆಸಿದ ಅವರಲ್ಲಿ ಆ ಹೆಸರಿಗೆ ತಂದೆಯ ಅರ್ಧ ಹಕ್ಕು, ತಂದೆಯ ಪೂರ್ತಿ ಜವಾಬ್ದಾರಿ. ಅವಳ ತಾಯಿ ಬೇಗ ತೀರಿಕೊಂಡ ಮೇಲೆ ಅರ್ಧ ಪೂರ್ತಿಯ ಲೆಕ್ಕವನ್ನು ಯಾರೂ ಇಡಲಿಲ್ಲ. ಜಡೆ ಹೆಣೆಯುವುದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಚೆನ್ಸು ಕಲಿಸಿದ್ದ. ಜಡೆ ಹೆಣೆಯುವುದನ್ನು ಅವಳೇ ಕಲಿತು ಈಗ ಬ್ಲಾಕ್‌ಟೌನಿನಲ್ಲಿ ಒಂದು ಸಲೂನು ಸೇರಿ ದಿನವಿಡೀ ನಿಂತು ಊರವರ ಕೂದಲು ಕತ್ತರಿಸುತ್ತಿದ್ದಳು.

ಆ ಬ್ಲಾಕ್ ಸುಮ್ಮನೆ ಎಲ್ಲಿಂದಲೋ ತಂದದ್ದಲ್ಲ. ತಾಯಿ ಅವಳನ್ನು ಶಾಲೆಗೆ ಬಿಡುತ್ತಿದ್ದ ಕಾರಿನದು. ಹೆಂಡತಿಯ ಉಡುಪನ್ನೆಲ್ಲ ಯಾರಿಗೋ ಕೊಟ್ಟ ಸಲ್ವು ಆ ಕಾರಿನ ಎಂಜಿನ್ನನ್ನು ಮಾತ್ರ ಕಂಬಳಿ ಸುತ್ತಿ ಗ್ಯಾರೇಜಿನಲ್ಲಿಟ್ಟಿದ್ದ. ಮಗಳು ಅದರಲ್ಲೇ ಓಡುತ್ತೇನೆಂದು ಹಟ ಹಿಡಿದಾಗ ಎದುರಿಗೆ ಬೈದು, ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದ.

ಅವತ್ತು ಬಂದವರು ಮೂವರು. ಸಲ್ವು, ಮರ್ತೀಸ್, ಮತ್ತೆ ಎಂಜಿನ್ನಿನ ಕಂಪ್ಯೂಟರ್ ನೋಡಿಕೊಳ್ಳುವ ಟ್ಯೂನರ್ ನಿಕೊ. ಪೂರ್ತಿ ಹೆಸರು ಫಾಲನಿಕೊ, ಸಮೋವಾದವರ ಮಗ, ಬಾಗಿಲು ತುಂಬುವ ಮೈ, ಹತ್ತಿರ ಹೋದರೂ ಕೇಳಿಸದಷ್ಟು ಮೆಲುದನಿ. ಟರ್ಬೊ ಎಷ್ಟು ಗಾಳಿ ಒತ್ತಬೇಕು, ಕಿಡಿ ಯಾವಾಗ ಹಾರಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು.

ಬೇಸಿಗೆಯಲ್ಲಿ ಗಾರೆ ಕಲಸುವ ನೀರಿಗೆ ಐಸ್ ಹಾಕಬೇಕು. ಇಲ್ಲದಿದ್ದರೆ ಗುಳ್ಳೆ ಮೇಲೆ ಬರುವುದರೊಳಗೆ ಗಾರೆ ಬಿಗಿಯತೊಡಗುತ್ತದೆ. ಚೆನ್ಸು ಪೆಟ್ರೋಲ್ ಬಂಕಿನಿಂದ ಐಸ್ ಚೀಲ ತಂದು ನೆರಳಿಗಿಟ್ಟಿದ್ದ. ಗಾರೆ ಕಲಸುವ ಹೊತ್ತಿಗೆ ಸಲ್ವು ಅದನ್ನು ಪೂರಾ ಬಿಯರ್ ಡಬ್ಬಿಗಳ ಮೇಲೆ ಸುರಿದುಕೊಂಡು ಕೂತಿದ್ದ.

"ಲೋ ಕತ್ತೆ, ಅದು ಗಾರೆಗೆ ಕಣೋ!"

"ಗಾರೆ ಏನ್ ಕುಡಿಯತ್ತಾ? ನಾನ್ ಕುಡೀತೀನಿ. ಬಾಯಿ ಮುಚ್ಕೊಂಡು ನೀನೂ ಒಂದು ತಗೋ."

ನಿಕೊ ಕಾರಿನ ಕೀಲಿ ತೆಗೆದುಕೊಂಡು ಎದ್ದ. "ಅಂಕಲ್, ಹೋಗಿ ಇನ್ನೊಂದು ಚೀಲ ತಂದ್ಬಿಡ್ಲಾ? ಈಗ್ ಬಂದೆ."

"ಕೂತ್ಕೊಳ್ಳೋ ನೀನು," ಎಂದು ಚೆನ್ಸು ನಕ್ಕ. "ನಿನ್ನ ಕಂಪ್ಯೂಟರ್ ನೀನು ನೋಡ್ಕೋ. ಗಾರೆ ವಿಷಯ ನಂಗ್ ಗೊತ್ತು."

ಮರ್ತೀಸ್ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಚೆನ್ಸುವಿಗೆ ಹಿಡಿಸಿತು. ನಲ್ಲಿಯ ನೀರಿನಲ್ಲೇ ಕಲಸಿ ಸುರಿದ. ನಾಲ್ವರೂ ಸುತ್ತ ನಿಂತು ಬಡಿದರು. ನಡುವೆ ಸಲ್ವು ಯಾವುದೋ ಹಳೆಯ ಮದುವೆಯಲ್ಲಿ ತಾನು ಕೇಕಿನ ಮೇಲೆ ಬಿದ್ದ ಕತೆ ತೆಗೆದು ಎಲ್ಲರನ್ನೂ ನಗಿಸಿದ, ನಕ್ಕು ನಕ್ಕು ಸುತ್ತಿಗೆಗಳು ಅಲ್ಲಲ್ಲೇ ನಿಂತವು, ಮತ್ತೆ ಶುರುವಾದವು.

ಎಲ್ಲರೂ ಹೋದ ಮೇಲೆ ಚೆನ್ಸು ಅಭ್ಯಾಸದಂತೆ ಬ್ಲಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಗೆಣ್ಣಿನಿಂದ ಕುಟ್ಟಿದ. ಮೊದಲನೆಯದು ಕಲ್ಲು. ಎರಡನೆಯದು, ಮೂರನೆಯದು ಕಲ್ಲು. ನಾಲ್ಕನೆಯದರ ಬಳಿ ಸದ್ದು ಒಂದಿಷ್ಟು ತೆಳುವಾಯಿತು. ಮತ್ತೆ ಕುಟ್ಟಿದ. ಕಿವಿ ಒತ್ತಿ ಕುಟ್ಟಿದ. ರೇಡಿಯೊ ಆರಿಸಿ ಕುಟ್ಟಿದ.

ಗಾರೆ ಆಗಲೇ ಬಿಗಿದಿತ್ತು. ಒಮ್ಮೆ ಬಿಗಿದರೆ ಅದನ್ನು ತೆಗೆಯುವ ಉಪಾಯವಿಲ್ಲ. ಬ್ಲಾಕ್ ಇಡಿಯಾಗಿ ಗುಜರಿಗೆ. ಬೇರೆ ಯಾರದಾದರೂ ಆಗಿದ್ದರೆ ಅವನೇ ಎತ್ತಿ ಎಸೆಯುತ್ತಿದ್ದ. ಇದು ಸಲ್ವು ಕಂಬಳಿ ಸುತ್ತಿಟ್ಟ ಬ್ಲಾಕ್, ಇದನ್ನು ಹೇಗೆ ಎಸೆಯಲಿ ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳಲ್ಲ ಅದು. ಆದರೆ ಅದರ ಹಿಂದೆ ಇನ್ನೊಂದು ಕಾರಣವಿತ್ತು, ಅದು ಅಷ್ಟು ಮರ್ಯಾದೆಯದಲ್ಲ: ಗಾರೆ ವಿಷಯ ನನಗೆ ಗೊತ್ತು ಎಂದು ಎಲ್ಲರೆದುರು ಕೊಚ್ಚಿಕೊಂಡ ಬಾಯಿಯಿಂದಲೇ ಕೆಡಿಸಿಬಿಟ್ಟೆ ಎನ್ನಬೇಕಾಗಿತ್ತು. ಸಣ್ಣ ಗುಳ್ಳೆಯಿರಬೇಕು, ವಯಸ್ಸಾಯಿತು, ಕಿವಿಗೂ ಭ್ರಮೆ ಎಂದುಕೊಂಡ. ಬ್ಲಾಕಿನ ಮೇಲೆ ಬಟ್ಟೆ ಮುಚ್ಚಿ ಮನೆಗೆ ಹೋದ.

ಬೇಸಿಗೆ ಕಳೆದು ಓಟದ ದಿನ ಬಂತು. ಮರ್ತೀಸ್ ಕಾರಿನೊಳಗೆ ಕೂತ ಮೇಲೆ ಬೆಲ್ಟ್ ಬಿಗಿಯುವ ಕೆಲಸ ಯಾವತ್ತೂ ಪರ್ರಿನುವಿನದು, ಅದನ್ನು ಅವಳು ತಂದೆಗೂ ಬಿಟ್ಟುಕೊಡುತ್ತಿರಲಿಲ್ಲ. ಅವತ್ತು ಅವನು ಬಿಗಿದದ್ದು ಸಾಲದೆಂಬಂತೆ ಮತ್ತೊಂದು ಸಲ ಜಗ್ಗಿದ.

"ಉಸಿರು ಕಟ್ಟತ್ತೆ ಪರ್ರಿನು! ಓಡ್ಸೋಕಾದ್ರೂ ಜೀವ ಉಳ್ಸು."

"ಸುಮ್ನಿರು," ಎಂದು ಅವಳ ಹೆಲ್ಮೆಟ್ಟಿನ ಮೇಲೆ ತಟ್ಟಿ ಬಂದ.

ಅವಳೇ ನಿಕೊನನ್ನು ಪೀಡಿಸಿ ಟರ್ಬೊದ ಒತ್ತಡವನ್ನು ಒಂಚೂರು ಏರಿಸಿಕೊಂಡಿದ್ದಳು. ಕಾರು ಗೆರೆ ಬಿಟ್ಟು ನೇರ ಹೋಯಿತು, ಚೆನ್ನಾಗಿ ಹೋಯಿತು. ಕೊನೆಯ ಗೆರೆ ಇನ್ನೂ ದೂರವಿದ್ದಾಗ ನಾಲ್ಕನೆಯ ಸಿಲಿಂಡರ್ ಸೀಳಿತು. ಎಂಜಿನ್ನಿನ ಹೊಟ್ಟೆ ಒಡೆದು ಸುರಿದ ಎಣ್ಣೆ ಹಿಂದಿನ ಚಕ್ರಗಳ ಅಡಿಗೇ ಹೋಗಿ, ಕಾರು ತಿರುಗಿ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿತು. ಬೆಲ್ಟ್ ಅವಳ ಜೀವ ಉಳಿಸಿತು ಎಂದು ಡಾಕ್ಟರು ಹೇಳಿದರು. ಬಲಗಾಲು ಮಾತ್ರ ಪಾದದ ಹತ್ತಿರ ನುಜ್ಜುಗುಜ್ಜು. ಉಕ್ಕಿನ ಪಟ್ಟಿ ಹಾಕಿ ಕೂಡಿಸಿದರು. ನಡೆಯುತ್ತಾಳೆ, ಆದರೆ ದಿನವಿಡೀ ನಿಲ್ಲುವ ಕೆಲಸ ಇನ್ನು ಮರೆತುಬಿಡಿ ಎಂದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಸಲ್ವು ನಿಕೊನ ಎದೆಗೆ ಕೈಯಿಟ್ಟು ಗೋಡೆಗೆ ದೂಡಿದ. "ಸಾಕು ಅಂದ್ರೆ ಸಾಕು ಅನ್ನೋಕ್ ಬರಲ್ವೇನೋ ನಿಂಗೆ? ಅವಳು ಕೇಳಿದ್ಲು ಅಂತ ಕೊಡೋದಾ? ಹೋಗು, ಕಣ್ಣೆದುರಿಗೆ ಇರ್ಬೇಡ!"

ನಿಕೊ ಆ ಕೈಯನ್ನು ಸರಿಸಲೂ ಇಲ್ಲ. "ತಪ್ಪಾಯ್ತು ಅಂಕಲ್, ತಪ್ಪಾಯ್ತು," ಎನ್ನುತ್ತಾ ನೆಲ ನೋಡುತ್ತಿದ್ದ.

ಚೆನ್ಸು ಕಾಫಿ ಯಂತ್ರದ ಬಳಿ ನಿಂತಿದ್ದ. ಬಾಯಿ ತೆರೆದ. ಈಗಲೇ ಹೇಳಬೇಕು ಎನಿಸಿತು. ಸಲ್ವು ಅತ್ತುಕೊಂಡು ಬಂದು ಅವನ ಹೆಗಲ ಮೇಲೆ ತಲೆಯಿಟ್ಟುಬಿಟ್ಟ. ಹಾಗೆ ತಲೆಯಿಟ್ಟವನಿಗೆ ಹೇಳುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡ. ಆ ನಾಳೆಗೆ ಮತ್ತೊಂದು ನಾಳೆ ಹುಟ್ಟಿತು.

ಮೊದಮೊದಲು ಅವನಿಗೊಂದು ಆಸರೆಯಿತ್ತು: ನನಗೇನು ಗೊತ್ತು, ನಿಜಕ್ಕೂ ಒತ್ತಡ ಜಾಸ್ತಿಯಾಗಿಯೇ ಒಡೆದಿರಬಹುದು. ಒಡೆದ ಬ್ಲಾಕ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಗುಜರಿಯವನ ಲಾರಿ ಬಂದಾಗ ಕೊಟ್ಟುಬಿಟ್ಟರೆ ಆ ಆಸರೆ ಸಾಯುವ ತನಕ ಉಳಿಯುತ್ತಿತ್ತು. ಲಾರಿ ಬಂತು ಕೂಡ. "ಅದು ಬೇಡ, ಬಿಟ್ಟೋಗು," ಎಂದ ಚೆನ್ಸು, ಯಾಕೆಂದು ಅವನಿಗೇ ತಿಳಿಯಲಿಲ್ಲ. ಅದೇ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿಕೊಂಡು ಬ್ಲಾಕನ್ನು ಗರಗಸದ ಯಂತ್ರಕ್ಕೆ ಕೊಟ್ಟ. ನಾಲ್ಕನೆಯ ಸಿಲಿಂಡರಿನ ಹಿಂದೆ, ಅವನ ಕಿವಿ ತೋರಿಸಿದ ಜಾಗದಲ್ಲೇ ನಿಂಬೆಹಣ್ಣು ಕೂರುವಷ್ಟು ಗುಳಿ. ಬಿರುಕು ಅಲ್ಲಿಂದಲೇ ಹೊರಟಿತ್ತು. ಗುಳಿಯೊಳಗೆ ಹೆಬ್ಬೆರಳಿಟ್ಟು ಬಹಳ ಹೊತ್ತು ಕೂತಿದ್ದ. ತನ್ನ ಕಿವಿ ಸರಿಯಾಗಿತ್ತೆಂದು ತಿಳಿದು ಮನುಷ್ಯ ಅಷ್ಟು ದುಃಖಪಟ್ಟದ್ದು ಬೇರೆಲ್ಲೂ ಇರಲಿಕ್ಕಿಲ್ಲ.

ತುಂಡುಗಳನ್ನು ಅಪ್ಪನ ಕಾಲದ ಟೊಮೇಟೊ ಪೆಟ್ಟಿಗೆಗಳ ಹಿಂದೆ ಮುಚ್ಚಿಟ್ಟ. ಅಲ್ಲಿಂದಾಚೆ ಅವನಿಗೆ ಅನ್ನ ಸೇರಲಿಲ್ಲ. ಪಾದ್ರಿಯ ಬಳಿ ಪಾಪ ನಿವೇದನೆಗೆ ಹೋದ. ಮಂಡಿಯೂರಿ ಕೂತು, ಕೆಟ್ಟ ಮಾತು ಆಡುತ್ತೇನೆ ಸ್ವಾಮಿ ಎಂದಷ್ಟೇ ಹೇಳಿ, ಅದಕ್ಕೆ ಕೊಟ್ಟ ಪ್ರಾರ್ಥನೆ ಮುಗಿಸಿ ಬಂದ. ಸಲ್ವುವಿನ ಮನೆಗೆ ತಟ್ಟೆ ತುಂಬ ಬೇಯಿಸಿದ ಮ್ಯಾಕರೋನಿ ಹೊತ್ತುಕೊಂಡು ಹೋಗಿ, ಪಾತ್ರೆ ತೊಳೆದು, ಮರ್ತೀಸಳನ್ನು ಕಾಲಿನ ವ್ಯಾಯಾಮಕ್ಕೆ ಕರೆದೊಯ್ದು ತಂದು ಬಿಡುತ್ತಿದ್ದ. ಎಷ್ಟು ಮಾಡಿದರೂ ಅವರು ಥ್ಯಾಂಕ್ಸ್ ಎನ್ನುತ್ತಿದ್ದರು. ಆ ಥ್ಯಾಂಕ್ಸ್ ಕೇಳುವುದೇ ಅವನಿಗೆ ಶಿಕ್ಷೆಯಾಯಿತು.

ಒಂದು ದಿನ ಕಾರಿನಲ್ಲಿ ಮರ್ತೀಸ್ ಹೇಳಿದಳು, "ಕಾಲು ಸರಿಯಾದ್ರೆ ಮತ್ತೆ ಓಡಿಸ್ತೀನಿ. ಅಪ್ಪಂಗೆ ಹೇಳ್ಬೇಡ. ಬ್ಲಾಕ್ ನೀನೇ ಮಾಡ್ಬೇಕು. ನೀನು ಕುಟ್ಟಿ ನೋಡಿದ ಬ್ಲಾಕ್ ಆದ್ರೆ ನಂಗೆ ಹೆದರಿಕೆ ಇಲ್ಲ."

ಚೆನ್ಸು ಸಿಗ್ನಲ್ ಹಸಿರಾದದ್ದನ್ನೂ ನೋಡಲಿಲ್ಲ. ಹಿಂದಿನವನು ಹಾರ್ನ್ ಒತ್ತಿ ಬೈದ.

ನಿಕೊನ ಸುದ್ದಿ ಊರೆಲ್ಲ ಹಬ್ಬಿತ್ತು. ಹುಡುಗಿಯ ಕಾಲು ಮುರಿದ ಟ್ಯೂನರ್ ಎಂದು ಹೆಸರಾಯಿತು. ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟರು. ಅವನು ತಾನೇ ಲ್ಯಾಪ್‌ಟಾಪ್ ಮುಚ್ಚಿಟ್ಟು ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ, ಇಗರ್ಜಿಯ ಗಾಯನ ಮಂಡಳಿಗೂ ಬರುತ್ತಿಲ್ಲ ಎಂದು ಮರ್ತೀಸಳ ಸಲೂನಿನ ಹುಡುಗಿಯರು ಹೇಳಿದರು. ಇದನ್ನೆಲ್ಲ ಚೆನ್ಸು ಕೇಳಿಸಿಕೊಂಡ. ಕೇಳಿಸಿಕೊಳ್ಳುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಚಳಿಗಾಲದ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿಗೆ ಚೆನ್ಸು ಬಿಸಿ ಪಸ್ತೀತ್ಸಿಯ ಪೊಟ್ಟಣ ಹಿಡಿದು ಸಲ್ವುವಿನ ಅಡುಗೆಮನೆಗೆ ಹಿತ್ತಲಿನಿಂದ ಬಂದ. ಸಲ್ವು ಮುಂದಿನ ಕೋಣೆಯ ಪರದೆ ಸರಿಸಿ ನಿಂತಿದ್ದ.

"ಚೆನ್ಸು, ಬಾರೋ ಇಲ್ಲಿ. ನಮ್ಮನೆ ಮುಂದೆ ಯಾರೋ ಕೂತವ್ರೆ."

ಕಾರು ನಿಲ್ಲಿಸುವ ಕಾಂಕ್ರೀಟಿನ ಮೇಲೆ, ಇಬ್ಬನಿಯಲ್ಲಿ, ಒಂದು ದೊಡ್ಡ ಆಕಾರ ತಲೆಬಾಗಿ ಕೂತಿತ್ತು. ಅದರ ಮೇಲೆ ತಲೆಯಿಂದ ನೆಲದವರೆಗೆ ಬಟ್ಟೆಯಷ್ಟು ನಯವಾಗಿ ಹೆಣೆದ ಚಾಪೆ. ಪಕ್ಕದಲ್ಲಿ ಇಗರ್ಜಿಗೆ ಹೋಗುವ ಬಿಳಿ ಉಡುಪಿನಲ್ಲಿ ಒಬ್ಬ ಮುದುಕಿ, ಅವಳೂ ನೆಲದ ಮೇಲೆ. ಅವಳು ನಿಕೊನ ತಾಯಿ ಲೂಪೆ.

ಮರ್ತೀಸ್ ಊರುಗೋಲೂರಿಕೊಂಡು ಬಂದು ಇಣುಕಿದಳು. ಸಮೋವಾದ ಹುಡುಗಿಯರ ಜೊತೆ ಓದಿದವಳು, ಅವಳಿಗೆ ತಕ್ಷಣ ತಿಳಿಯಿತು. "ಅಯ್ಯೋ ದೇವ್ರೇ. ಇಫೋಂಗ."

"ಏನದು?"

"ಅವ್ರ ಪದ್ಧತಿ ಅಪ್ಪ. ಯಾರಿಗಾದ್ರೂ ದೊಡ್ಡ ಕೇಡು ಮಾಡಿದ್ರೆ ಮನೆ ಮುಂದೆ ಚಾಪೆ ಹೊದ್ದು ಕೂತ್ಕೋತಾರೆ. ನಾವು ಹೋಗಿ ಚಾಪೆ ತೆಗೆದ್ರೆ ಕ್ಷಮಿಸಿದ್ವಿ ಅಂತ. ತೆಗೀದಿದ್ರೆ ಹಾಗೇ ಕೂತಿರ್ತಾರೆ, ಬಿಸ್ಲಾಗ್ಲಿ ಮಳೆಯಾಗ್ಲಿ."

"ಕೂತಿರ್ಲಿ," ಎಂದ ಸಲ್ವು. ಪರದೆ ಬಿಟ್ಟ. ಮತ್ತೆ ಸರಿಸಿದ. "ಆ ಮುದುಕೀನ ಯಾಕ್ ಕರ್ಕೊಂಡ್ ಬಂದ, ದರಿದ್ರದವನು. ಶೀತ ಹಿಡಿಯಲ್ವಾ?" ಕಿಟಕಿಗೆ ಬೆನ್ನು ಹಾಕಿದ. "ನಂಗಾಗಲ್ಲ. ಅವನ ಮುಖ ನೋಡಿದ್ರೆ ಹೊಡೀತೀನಿ, ಇಲ್ಲಾ ಅಳ್ತೀನಿ. ಚೆನ್ಸು, ನೀನ್ ಹೋಗಿ ತೆಗಿ. ನೀನು ಅವಳ ಪರ್ರಿನು, ನಿಂಗೆ ಹಕ್ಕಿದೆ."

"ನಾನಾ?"

"ಹೋಗು ಪರ್ರಿನು," ಎಂದಳು ಮರ್ತೀಸ್. "ಪಾಪ, ಬೇಗ ಹೋಗು."

ಚೆನ್ಸು ಪೊಟ್ಟಣ ಕೆಳಗಿಡುವುದನ್ನೂ ಮರೆತು ಹೊರಗೆ ಬಂದ. ಅದನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ. ಲೂಪೆ ಅವನತ್ತ ನೋಡಿ ತಲೆ ತಗ್ಗಿಸಿದಳು. ಆ ವಯಸ್ಸಿನ ಹೆಂಗಸು ತನಗೆ ತಲೆ ತಗ್ಗಿಸಿದ್ದು ಅವನಿಗೆ ಕೆನ್ನೆಗೆ ಹೊಡೆದಂತಾಯಿತು.

ಬಾಗಿ ಚಾಪೆಯ ಅಂಚು ಹಿಡಿದ. ಎತ್ತಿದರೆ ಎಲ್ಲ ಮುಗಿಯುತ್ತದೆ. ನಿಕೊ ಮಾಡದ ತಪ್ಪಿಗೆ ನಿಕೊನನ್ನು ಕ್ಷಮಿಸಿದ ದೊಡ್ಡ ಮನುಷ್ಯ ತಾನಾಗುತ್ತೇನೆ. ಒಳಗೆ ಕರೆದು ಟೀ ಕೊಡುತ್ತಾರೆ, ಸಲ್ವು ಅಳುತ್ತಾನೆ, ಎಲ್ಲರೂ ಪಸ್ತೀತ್ಸಿ ತಿನ್ನುತ್ತಾರೆ. ಟೊಮೇಟೊ ಪೆಟ್ಟಿಗೆಗಳ ಹಿಂದೆ ಯಾರೂ ಹುಡುಕುವುದಿಲ್ಲ. ತಪ್ಪಿಸಿಕೊಳ್ಳಲು ಇಷ್ಟು ಸಲೀಸಾದ ದಾರಿ ಯಾರಿಗೂ ಸಿಕ್ಕಿರಲಾರದು. ಚೆನ್ಸುವಿಗೆ ತನ್ನ ಮೇಲೆಯೇ ಎಂಥ ಅಸಹ್ಯ ಬಂತೆಂದರೆ ಚಾಪೆ ಹಿಡಿದ ಕೈ ಮೇಲೇಳಲೇ ಇಲ್ಲ.

ಸವೆದ ಮಂಡಿಗಳನ್ನು ಒಂದೊಂದಾಗಿ ಊರಿ ಅವನು ಕೆಳಗೆ ಕೂತ. ಅಂಚನ್ನೆತ್ತಿ ಒಳಗೆ ನುಸುಳಿ, ತನ್ನ ತಲೆಯ ಮೇಲೂ ಎಳೆದುಕೊಂಡ.

ಕತ್ತಲಲ್ಲಿ ನಿಕೊ ಬೆಚ್ಚಿ ಸರಿದ. "ಅಂಕಲ್? ಏನ್ ಮಾಡ್ತಿದೀರಿ? ಇದು ನಿಮ್ ಜಾಗ ಅಲ್ಲ."

"ನಂದೇ ಜಾಗ ಕಣೋ. ನೀನೇ ತಪ್ಪಿ ಬಂದು ಕೂತಿದೀಯ."

"ಒತ್ತಡ ಏರ್ಸಿದ್ದು ನಾನು…"

"ಅದಕ್ಕೇನೂ ಆಗ್ತಿರ್ಲಿಲ್ಲ. ಅದನ್ನ ತಡೀಬೇಕು ಅಂತಾನೇ ಗಾರೆ ಹಾಕೋದು." ಚೆನ್ಸು ಗಂಟಲೆತ್ತಿದ. ಬಾಗಿಲವರೆಗೆ ಕೇಳಬೇಕಿತ್ತು. "ಸಲ್ವು! ಮರ್ತೀಸ್! ಕೇಳಿಸ್ಕೊಳ್ಳಿ. ಬ್ಲಾಕ್ ಒಡೆದಿದ್ದು ನನ್ನಿಂದ. ನಾಲ್ಕನೇದರ ಹಿಂದೆ ಗುಳಿ ಬಿಟ್ಟಿದ್ದೆ. ಕೊಯ್ದು ನೋಡಿದೀನಿ, ಶೆಡ್ಡಲ್ಲಿದೆ, ಹೋಗಿ ನೋಡಿ. ಐಸ್ ಇಲ್ದೆ ಕಲಸಿದೆ. ಇವನು ತರ್ತೀನಿ ಅಂದ, ಬೇಡ ಅಂದೋನು ನಾನು. ಅವತ್ತು ಸಂಜೆ ಕುಟ್ಟಿದಾಗ ಕೇಳಿಸ್ತು. ಕೇಳಿಸಿದ್ರೂ ಹೇಳ್ಲಿಲ್ಲ. ಇವನನ್ನ ನೀವೆಲ್ಲ ಬೈಯುವಾಗ್ಲೂ ಹೇಳ್ಲಿಲ್ಲ."

ಪಕ್ಕದ ಮನೆಯ ನಾಯಿ ಬೊಗಳಿ ಸುಮ್ಮನಾಯಿತು. ಚಾಪೆಯೊಳಗೆ ನಿಕೊನ ದೊಡ್ಡ ಮೈ ನಡುಗತೊಡಗಿತು. ಅವನು ಸದ್ದಿಲ್ಲದೆ ಅಳುತ್ತಿದ್ದ. ಇಷ್ಟು ತಿಂಗಳು ತಾನೇ ಆ ಕಾಲು ಮುರಿದೆನೆಂದು ನಂಬಿದ್ದವನು. ಚೆನ್ಸುವಿಗೆ ಅವನ ಬೆನ್ನ ಮೇಲೆ ಕೈಯಿಡಬೇಕೆನಿಸಿತು, ಧೈರ್ಯ ಬರಲಿಲ್ಲ.

ಹೆಜ್ಜೆಗಳು ಬಂದವು. ಚಾಪೆ ಒಂದು ಕಡೆಯಿಂದ ಮೇಲೆದ್ದು ಬೆಳಕು ಬಿತ್ತು. ಮರ್ತೀಸ್ ಒಂದು ಕೈಯಲ್ಲಿ ಊರುಗೋಲು ಹಿಡಿದು ಇನ್ನೊಂದರಿಂದ ಚಾಪೆಯನ್ನು ನಿಕೊನ ಮೇಲಿಂದ ಸರಿಸುತ್ತಿದ್ದಳು. "ಏಳು ನಿಕೊ. ಒಳಗೆ ಬಾ. ಅಪ್ಪ, ಇವನನ್ನ ಕರ್ಕೊಂಡು ಹೋಗು." ಸರಿಸಿದ ಅರ್ಧವನ್ನು ಅವಳು ಚೆನ್ಸುವಿನ ಮೇಲೆ ಮಡಿಸಿ ಬಿಟ್ಟಳು. ಅವನಿಗೆ ಮತ್ತೆ ಕತ್ತಲಾಯಿತು.

ಚಾಪೆಯಡಿಯ ಸಂದಿಯಲ್ಲಿ ಸಲ್ವುವಿನ ಹಳೆಯ ಚಪ್ಪಲಿ ಬಂದು ನಿಂತದ್ದು ಕಂಡಿತು.

"ಐಸ್ ಸುರ್ಕೊಂಡಿದ್ದು ನಾನಲ್ವೇನೋ," ಎಂದ ಸಲ್ವು.

"ಇಲ್ಲ ಸಲ್ವು. ನೀನು ಬಿಯರ್ ಕುಡಿಯೋನು. ಗಾರೆ ಗೊತ್ತಿದ್ದೋನು ನಾನು."

ಚಪ್ಪಲಿ ತಿರುಗಿತು. ಅದರ ಪಕ್ಕ ನಿಕೊನ ದೊಡ್ಡ ಪಾದಗಳೂ ಬಾಗಿಲ ಕಡೆಗೆ ಹೋದವು. ಉಳಿದದ್ದು ಊರುಗೋಲಿನ ರಬ್ಬರ್ ತುದಿ, ಚಳಿಗೆ ಕೆಂಪಾದ ಒಂದು ಬರಿಗಾಲು, ಪಟ್ಟಿ ಬಿಗಿದ ಒಂದು ಭಾರದ ಬೂಟು.

"ಪರ್ರಿನು."

"ಹೂಂ ಮಗಳೇ."

"ಐಸ್ ವಿಷಯ ಬಿಡು. ಗುಳಿ ಬಿದ್ದದ್ದೂ ಬಿಡು, ಅದು ಯಾರ ಕೈಲಾದ್ರೂ ಆಗತ್ತೆ. ಒಂದೇ ಕೇಳ್ತೀನಿ, ನಿಜ ಹೇಳು. ಅವತ್ತು ನಂಗೆ ಬೆಲ್ಟ್ ಬಿಗಿದ್ಯಲ್ಲ. ಬಿಗೀವಾಗ ಆ ಸದ್ದು ನೆನಪಿತ್ತಾ ನಿಂಗೆ?"

ಇಲ್ಲ ಎನ್ನಬಹುದಿತ್ತು. ಅದನ್ನು ಸುಳ್ಳೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

"ನೆನಪಿತ್ತು," ಎಂದ ಚೆನ್ಸು. "ಅದಕ್ಕೇ ಇನ್ನೊಂದು ಸಲ ಜಗ್ಗಿದ್ದು."

ಬರಿಗಾಲು ಅಲುಗಲಿಲ್ಲ. ಚಾಪೆಯ ಮೇಲೆ, ಅವನ ನೆತ್ತಿಯ ಹತ್ತಿರ, ಅವಳ ಕೈ ಬಂದು ಕೂತಂತಾಯಿತು. ಅವನು ಕಣ್ಣು ಮುಚ್ಚಿ ಕಾದ. ಆ ಕೈ ಚಾಪೆಯನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ಊರುಗೋಲಿನ ಸದ್ದು ಮೆಟ್ಟಿಲು ಹತ್ತಿ ಒಳಗೆ ಸೇರಿತು, ಬಾಗಿಲು ಮುಚ್ಚಿಕೊಂಡಿತು.

ಪಕ್ಕದಲ್ಲಿ ಬಟ್ಟೆ ಸರಬರ ಎಂದಿತು. ಲೂಪೆ ಇನ್ನೂ ಅಲ್ಲೇ ಕೂತಿದ್ದಳು.

"ನೀವು ಒಳಗೆ ಹೋಗಿಯಮ್ಮಾ," ಎಂದ ಚೆನ್ಸು. "ನಿಮ್ಮ ಮಗನ್ನ ಕರ್ದ್ರಲ್ಲ."

"ನನ್ನ ಮಗ ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ ಗೊತ್ತಾ ನಿಮಗೆ? ನಿಮ್ಮ ಮೇಲೆ ನಂಗೇನೂ ಕನಿಕರ ಇಲ್ಲ," ಎಂದಳು ಲೂಪೆ. "ಆದ್ರೆ ಚಾಪೆ ಕೆಳಗೆ ಯಾರ್ನೂ ಒಬ್ರೇ ಬಿಟ್ಟು ಹೋಗ್ಬಾರ್ದು. ಆ ಹುಡುಗಿ ಬಂದು ತೆಗೆಯೋ ತನಕ ಕೂತಿರೋದೇ. ಇವತ್ತು ಬರ್ದಿದ್ರೆ ನಾಳೆ ನೀವೇ ಬಂದು ಕೂತ್ಕೋಬೇಕು. ಚಾಪೆ ನಾನು ತರ್ತೀನಿ."

ಒಳಗಿನಿಂದ ಟೀ ಕಪ್ಪುಗಳ ಸದ್ದು ಕೇಳಿಸಿತು, ಆಮೇಲೆ ಸಲ್ವು ಮೂಗು ಸೀಟಿದ್ದು, ನಿಕೊ ಏನೋ ಹೇಳಿದ್ದು. ಮರ್ತೀಸಳ ದನಿಗಾಗಿ ಚೆನ್ಸು ಕಿವಿಗೊಟ್ಟು ಕೂತ. ಅದು ಕೇಳಿಸಲಿಲ್ಲ. ಲೂಪೆ ಕೈ ಚಾಚಿ, ಹೊರಗುಳಿದಿದ್ದ ಅವನ ಪಾದಗಳ ಮೇಲೂ ಚಾಪೆಯನ್ನು ಎಳೆದು ಮುಚ್ಚಿದಳು.